ಎಮ್ಮೆ ಈಯುವ ರಾತ್ರಿ ಬಸುರಿಯ ನಿದ್ದೆ



ಗಬ್ಬದ ಎಮ್ಮೆ, ಆಕಳುಗಳ ಆರೈಕೆ ಬಗ್ಗೆ ಬಹಳ ಸಲ ಓದಿದ್ದೀರಿ. ಈ ಸಲ ಅವುಗಳನ್ನು ನೋಡಿಕೊಳ್ಳುವ ಬಸುರಿಯ ನಿದ್ದೆಯ ಮಾತು. ನಾನು ದನದ ಡಾಕ್ಟರ್, ನಿಮ್ಮ ಔಷಧ ನಿಮ್ಮ ಡಾಕ್ಟರೇ ಹೇಳಬೇಕು. ಆದರೆ ರೋಣ, ನರಗುಂದ, ಗಜೇಂದ್ರಗಡ ಭಾಗದಲ್ಲಿ ಹೈನು ಮಾಡುವ ಮನೆಯ ಬಸುರಿಗೆ ದನದ ಕೆಲಸದಿಂದಲೂ ನಿದ್ದೆ ಕೆಡುತ್ತದೆ. ಅದರ ಬಗ್ಗೆ ನಾನು ಹೇಳಬಲ್ಲೆ.

ನಸುಕಿನಲ್ಲಿ ಎದ್ದು ಸಗಣಿ ಬಾಚಿ, ಹಾಲು ಹಿಂಡಿ, ಸಂಘಕ್ಕೆ ಹಾಕುವ ಹೊತ್ತು ಬದಲಾಗುವಂಥದ್ದಲ್ಲ. ಅದಕ್ಕೇ ಮಧ್ಯಾಹ್ನ ಉಂಡ ಮೇಲೆ ಸ್ವಲ್ಪ ಹೊತ್ತು ಅಡ್ಡಾಗಿರಿ. ‘ಹಗಲೆಲ್ಲ ಮಲಗುತ್ತಾಳೆ’ ಎನ್ನುವ ಅತ್ತೆಯವರಿಗೆ ಈ ಪುಟ ತೋರಿಸಿ.

28 ವಾರ ತುಂಬಿದ ಮೇಲೆ, ಅಂದರೆ ಏಳನೇ ತಿಂಗಳ ಕುಬಸದ ಹೊತ್ತಿನಿಂದ, ಅಂಗಾತ ಮಲಗಬೇಡಿ. ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಕೂಸಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಎಡ ಮಗ್ಗುಲಾಗಲಿ ಬಲ ಮಗ್ಗುಲಾಗಲಿ ಅಡ್ಡಿಯಿಲ್ಲ. ಹಳೆಯ ಕೌದಿ ಸುತ್ತಿ ಬೆನ್ನಿಗೊಂದು, ಮೊಣಕಾಲುಗಳ ನಡುವೆ ಒಂದು ಇಟ್ಟುಕೊಳ್ಳಿ. ನಡುರಾತ್ರಿ ಎಚ್ಚರವಾದಾಗ ಅಂಗಾತ ಇದ್ದರೆ ಗಾಬರಿ ಬೇಡ, ಹೊರಳಿದರಾಯಿತು.

ಸಂಜೆಯ ಚಹಾ ಬಿಡಿ. ಕಬ್ಬಿಣಾಂಶದ ಗುಳಿಗೆಯನ್ನು ಚಹಾದ ಜೊತೆಗೂ ಬೇಡ, ಹಾಲಿನ ಜೊತೆಗೂ ಬೇಡ. ಎರಡೂ ಅದು ಮೈಗೆ ಹತ್ತದಂತೆ ಮಾಡುತ್ತವೆ. ಕಬ್ಬಿಣಾಂಶ ಕಡಿಮೆಯಿದ್ದವರಿಗೆ ಮಲಗಿದ ಕೂಡಲೇ ಕಾಲು ಚಡಪಡಿಸುವುದು ಹೆಚ್ಚು. ಅಂಗಡಿಯಿಂದ ನಿದ್ದೆ ಗುಳಿಗೆ ಮಾತ್ರ ತರಿಸಲೇಬೇಡಿ.

ಇನ್ನು ಮುಖ್ಯ ಮಾತು. ಎಮ್ಮೆ ಈಯುವ ದಿನ ಬಂತೆಂದರೆ ರಾತ್ರಿ ಕಾವಲು ಕೂಡುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಬಸುರಿಗೆ ಆ ಪಾಳಿ ಬೇಡ. ನಿದ್ದೆ ಕೆಡುವುದು ಒಂದು ಕಾರಣ, ಕಂದು ರೋಗ ಅಂದರೆ ಬ್ರುಸೆಲ್ಲೋಸಿಸ್ ಇನ್ನೊಂದು. ಈ ರೋಗವಿರುವ ಎಮ್ಮೆ ಕಂದು ಹಾಕಿದಾಗ ಅಥವಾ ಈದಾಗ ಬರುವ ನೀರು, ಮಾಸು, ಕರುವಿನ ಮೈಯ ಲೋಳೆಯಲ್ಲಿ ರೋಗಾಣು ತುಂಬಿರುತ್ತದೆ. ಕೈಯ ಸಣ್ಣ ಗಾಯ, ಕಣ್ಣು, ಉಸಿರು ಯಾವುದರಿಂದಲೂ ಒಳಹೋಗಬಹುದು. ಬಸುರಿಗೆ ತಗುಲಿದರೆ ಗರ್ಭಪಾತವೂ ಆಗಬಹುದು. ರೋಗವಿರುವ ಎಮ್ಮೆ ನೋಡಲು ಚೆನ್ನಾಗಿಯೇ ಇರುತ್ತದೆ, ಕಷ್ಟ ಅದೇ. ಗಂಡನೋ ಮೈದುನನೋ ಕೈಗವಸು ಹಾಕಿ ಈಯಿಸಲಿ, ಮಾಸಿಗೆ ಸುಣ್ಣ ಹಾಕಿ ಆಳಕ್ಕೆ ಹೂಳಲಿ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಇದರ ಲಸಿಕೆ ಒಂದೇ ಸಲ, ಸರ್ಕಾರದಿಂದ ಉಚಿತ. ಅದು ಜೀವಂತ ಲಸಿಕೆ. ನಾವು ಹಾಕಲು ಬಂದಾಗ ಬಸುರಿ ಕರು ಹಿಡಿಯುವುದು ಬೇಡ.

ಈಗಾಗಲೇ ಈಯಿಸಿದವರಿದ್ದೀರಾ? ಬಿಟ್ಟು ಬಿಟ್ಟು ಜ್ವರ, ಮೈಕೈ ನೋವು, ರಾತ್ರಿ ಬೆವರಿ ನಿದ್ದೆ ಹಾರುವುದು ಇದ್ದರೆ ‘ಎಮ್ಮೆ ಈಯಿಸಿದ್ದೆ’ ಎಂದು ಡಾಕ್ಟರರಿಗೆ ಮೊದಲೇ ಹೇಳಿ. ಹೇಳದಿದ್ದರೆ ಆ ಪರೀಕ್ಷೆಯ ನೆನಪು ಅವರಿಗೆ ಬರಲಿಕ್ಕಿಲ್ಲ.

ರಾತ್ರಿ ಕಾವಲು ಕಡಿಮೆಯಾಗಲು ಖರ್ಚಿಲ್ಲದ ಉಪಾಯವೊಂದಿದೆ. ಕೆನಡಾದ ಗಸ್ ಕೊನೆಫಲ್ ಎಂಬ ದನ ಸಾಕುವವರು ಕಂಡುಕೊಂಡದ್ದು: ಗಬ್ಬದ ಆಕಳಿಗೆ ಮೇವು ತಡವಾಗಿ, ರಾತ್ರಿ ಹಾಕಿದರೆ ಹೆಚ್ಚು ಕರುಗಳು ಹಗಲಿನಲ್ಲಿ ಹುಟ್ಟುತ್ತವೆ. ಈಯುವ ಒಂದು ತಿಂಗಳ ಮುಂಚಿನಿಂದ ಕಣಿಕೆಯ ಬಹುಪಾಲನ್ನು ಕತ್ತಲಾದ ಮೇಲೆ ಹಾಕಿ, ನೀರು ಯಾವಾಗಲೂ ಇರಲಿ. ನಿಮ್ಮ ಎಮ್ಮೆ ಹಗಲೇ ಈಯುತ್ತದೆ ಎಂದು ನಾನು ಖಾತ್ರಿ ಕೊಡಲಾರೆ, ಆದರೆ ಮಾಡಿ ನೋಡುವುದರಲ್ಲಿ ನಷ್ಟವಿಲ್ಲ.

ಹೊಸದಾಗಿ ಜೋರು ಗೊರಕೆ ಶುರುವಾದರೆ ಬಿ.ಪಿ. ನೋಡಿಸಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ಇರುತ್ತದೆ, ಆಶಾ ಕಾರ್ಯಕರ್ತೆಯನ್ನು ಕೇಳಿ. ತೀರಾ ತಲೆನೋವು, ಕಣ್ಣು ಮಂಜಾಗುವುದು, ಮುಖ ಬಾತುಕೊಳ್ಳುವುದು, ಕೂಸಿನ ಹೊರಳಾಟ ಕಡಿಮೆಯಾಗುವುದು ಕಂಡರೆ 9ನೇ ತಾರೀಖು ಕಾಯಬೇಡಿ. ಬೆಳಗಿನ ಹಾಲು ಯಾರು ಹಿಂಡಬೇಕೆಂಬ ಯೋಚನೆ ಬಿಟ್ಟು ಆ ರಾತ್ರಿಯೇ 108ಕ್ಕೆ ಫೋನ್ ಮಾಡಿ.