ಪ್ರಾಗ್‌ನಲ್ಲಿ ಬ್ಯಾಗ್ ಹೋದರೆ: ಕಾಗದ ಕೈಗೆ ಬರದೆ ಠಾಣೆ ಬಿಡಬೇಡಿ

ಪ್ರಾಗ್ ಸುರಕ್ಷಿತ ಊರು. ರಾತ್ರಿ ಹನ್ನೊಂದಕ್ಕೂ ಟ್ರಾಮ್ ಹತ್ತಿ ಒಬ್ಬರೇ ಹೋಟೆಲಿಗೆ ಮರಳಬಹುದು. ಮೀಟಿಂಗಿಗೋ ವಸ್ತುಪ್ರದರ್ಶನಕ್ಕೋ ಬೆಂಗಳೂರಿನಿಂದ ಹೊರಡುವವರು ಈ ಮಾತು ಕೇಳಿಕೊಂಡೇ ವಿಮಾನ ಹತ್ತುತ್ತಾರೆ, ಮಾತೂ ನಿಜವೇ. ಅಲ್ಲಿಂದ ಮರಳಿ ನನ್ನ ಕಚೇರಿಗೆ ಬರುವವರು ಪೆಟ್ಟು ತಿಂದವರಲ್ಲ. ಬ್ಯಾಗ್ ಕಳೆದುಕೊಂಡು, ವಿಮಾ ಕಂಪನಿಯ ನಿರಾಕರಣೆ ಪತ್ರ ಹಿಡಿದು ಬಂದವರು. ಕಳ್ಳನಿಂದ ಆದ ನಷ್ಟಕ್ಕಿಂತ ಆಮೇಲಿನ ಒಂದೆರಡು ದಿನಗಳಲ್ಲಿ ತಿಳಿಯದೆ ಮಾಡಿಕೊಂಡ ನಷ್ಟವೇ ಅವರಿಗೆ ದೊಡ್ಡದಾಗಿರುತ್ತದೆ.

ಪೀಣ್ಯದಲ್ಲಿ ಬಿಡಿಭಾಗಗಳ ಕಾರ್ಖಾನೆ ನಡೆಸುವ ಒಬ್ಬರ ಕಡತ ಈಗಲೂ ನನ್ನ ಮೇಜಿನ ಮೇಲಿದೆ. ಹೋಟೆಲಿನಲ್ಲಿ ಬೆಳಗಿನ ತಿಂಡಿಯ ಹೊತ್ತು. ಬ್ಯಾಗನ್ನು ಕುರ್ಚಿಯ ಬೆನ್ನಿಗೆ ತಗುಲಿಹಾಕಿ ಆಮ್ಲೆಟ್ ಹಾಕಿಸಿಕೊಳ್ಳಲು ಎದ್ದರು. ತಟ್ಟೆ ಹಿಡಿದು ಬರುವಷ್ಟರಲ್ಲಿ ಬ್ಯಾಗ್ ಇಲ್ಲ. ಲ್ಯಾಪ್‌ಟಾಪ್, ಪಾಸ್‌ಪೋರ್ಟ್, ಕಾರ್ಡುಗಳು ಎಲ್ಲವೂ ಅದರಲ್ಲೇ ಇದ್ದವು. ಕೋಟು ಹಾಕಿಕೊಂಡು ಅತಿಥಿಯಂತೆ ಒಳಬಂದವನನ್ನು ಯಾರೂ ತಡೆದಿರಲಿಲ್ಲ. ರಿಸೆಪ್ಷನ್‌ನವರು ಹೋಟೆಲಿನ ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆದುಕೊಟ್ಟರು. ಇವರು ಅದನ್ನು ನಂಬಿ ಮೀಟಿಂಗ್ ಮುಗಿಸಿ, ಮಾರನೆಯ ದಿನ ಠಾಣೆಗೆ ಹೋಗಿ, ತಮಗೆ ಬಂದ ಇಂಗ್ಲಿಷಿನಲ್ಲಿ ಬ್ಯಾಗ್ ಕಳೆದುಹೋಯಿತು ಎಂದರು. ಪೊಲೀಸರೂ ಹಾಗೇ ಬರೆದುಕೊಂಡರು.

ಎಡವಿದ್ದು ಅಲ್ಲೇ. ನಮ್ಮ ಮಾತಿನಲ್ಲಿ ಕದ್ದದ್ದನ್ನೂ ‘ಕಳೆದುಹೋಯ್ತು’ ಅನ್ನುತ್ತೇವೆ. ಪೊಲೀಸ್ ದಾಖಲೆಯಲ್ಲಿ ಅವು ಎರಡು ಬೇರೆ ಬೇರೆ ಸಂಗತಿಗಳು. ಕಳೆದುಹೋದದ್ದು ನಿಮ್ಮ ಅಜಾಗರೂಕತೆ, ಕಳುವಾದದ್ದು ಇನ್ನೊಬ್ಬನ ಅಪರಾಧ. ಅವರ ಪಾಲಿಸಿಯಲ್ಲಿ ಕಳವಿಗೆ ರಕ್ಷಣೆ ಇತ್ತು, ಕಳೆದುಕೊಂಡದ್ದಕ್ಕೆ ಇರಲಿಲ್ಲ. ಬ್ಯಾಗನ್ನು ನೋಡಿಕೊಳ್ಳದೆ ಬಿಟ್ಟುಹೋಗಿದ್ದಿರಿ ಎಂಬ ಇನ್ನೊಂದು ಆಕ್ಷೇಪವನ್ನೂ ಕಂಪನಿ ಸೇರಿಸಿತು. ವರದಿಯಲ್ಲಿ ಕಳವು ಎಂದು ದಾಖಲಾಗಿದ್ದರೆ ಆ ಆಕ್ಷೇಪದ ಮೇಲೆ ವಾದ ಮಾಡಬಹುದಿತ್ತು.

ಆದ್ದರಿಂದ ಬ್ಯಾಗ್ ಹೋದ ದಿನವೇ, ಸಾಧ್ಯವಾದರೆ ಆ ಗಂಟೆಯಲ್ಲೇ ಠಾಣೆಗೆ ಹೋಗಿ. ಜೆಕ್ ಪೊಲೀಸರ ತುರ್ತು ಸಂಖ್ಯೆ 158, ಯುರೋಪಿನಾದ್ಯಂತ ನಡೆಯುವ ಸಂಖ್ಯೆ 112. ನಗರದ ನಡುವೆ, ವೆನ್ಸೆಸ್ಲಾಸ್ ಚೌಕದ ಕೆಳತುದಿಗೆ ಹತ್ತಿರ, ಯುಂಗ್‌ಮಾನ್ ಚೌಕದಲ್ಲಿರುವ ಠಾಣೆಗೆ ವಿದೇಶಿಯರು ಹೋಗುವುದು ರೂಢಿ. ಮೀಟಿಂಗ್ ತಪ್ಪುತ್ತದೆ ಎಂದು ಮುಂದೂಡಬೇಡಿ. ಎದುರಿನವರಿಗೆ ಫೋನ್ ಮಾಡಿ ವಿಷಯ ಹೇಳಿದರೆ ಅರ್ಥಮಾಡಿಕೊಳ್ಳುತ್ತಾರೆ.

ಠಾಣೆಯಲ್ಲಿ ಭಾಷೆ ಬಾರದೆಂದು ಹೆದರಬೇಕಿಲ್ಲ. ಅಪರಾಧಕ್ಕೆ ಬಲಿಯಾದವರ ಹಕ್ಕುಗಳ ಬಗ್ಗೆ ಐರೋಪ್ಯ ಒಕ್ಕೂಟ 2012ರಲ್ಲಿ ತಂದ ನಿರ್ದೇಶನ, ಸಂಖ್ಯೆ 2012/29, ನೀವು ಯಾವ ದೇಶದವರೆಂದು ಕೇಳುವುದಿಲ್ಲ. ಅದರ 5ನೇ ವಿಧಿಯಂತೆ ನಿಮಗೆ ಅರ್ಥವಾಗುವ ಭಾಷೆಯಲ್ಲಿ ದೂರು ಕೊಡಲು ಅಥವಾ ಭಾಷೆಯ ನೆರವು ಪಡೆಯಲು ಅವಕಾಶವಿರಬೇಕು. ದೂರು ಸ್ವೀಕರಿಸಿದ್ದಕ್ಕೆ ಲಿಖಿತ ಸ್ವೀಕೃತಿ ಕೊಡಬೇಕು. ನೀವು ಕೇಳಿದರೆ ಆ ಸ್ವೀಕೃತಿಯ ಅನುವಾದವನ್ನು ಉಚಿತವಾಗಿ ಕೊಡಬೇಕು. ಇಲ್ಲಿ ‘ಕೇಳಿದರೆ’ ಎಂಬುದೇ ಮುಖ್ಯ. ಕೇಳದವರಿಗೆ ಜೆಕ್ ಭಾಷೆಯ ಒಂದು ಹಾಳೆ ಸಿಗುತ್ತದೆ, ಬೆಂಗಳೂರಿಗೆ ಬಂದ ಮೇಲೆ ಅದರ ಅನುವಾದಕ್ಕೆ ಓಡಾಡಬೇಕಾಗುತ್ತದೆ.

ಸಹಿ ಹಾಕುವ ಮೊದಲು ಇಷ್ಟನ್ನು ನೋಡಿಕೊಳ್ಳಿ: ಕಳವು ಎಂದು ಸ್ಪಷ್ಟವಾಗಿ ಬರೆದಿದೆಯೇ, ಸಮಯ ಮತ್ತು ಜಾಗ ಸರಿಯಿದೆಯೇ, ಪಾಸ್‌ಪೋರ್ಟ್ ಸಂಖ್ಯೆ ಇದೆಯೇ, ಲ್ಯಾಪ್‌ಟಾಪಿನ ಸೀರಿಯಲ್ ಸಂಖ್ಯೆ ಇದೆಯೇ. ಸೀರಿಯಲ್ ಸಂಖ್ಯೆ ಲ್ಯಾಪ್‌ಟಾಪಿನ ಅಡಿಯಲ್ಲೇ ಇರುತ್ತದೆ, ಲ್ಯಾಪ್‌ಟಾಪೇ ಹೋದಾಗ ಅದು ಯಾರಿಗೂ ನೆನಪಿರುವುದಿಲ್ಲ. ಹೊರಡುವ ಮುನ್ನವೇ ಅದರ ಫೋಟೊ ತೆಗೆದು, ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳ ಫೋಟೊ ಜೊತೆ ನಿಮಗೇ ಇಮೇಲ್ ಮಾಡಿಕೊಳ್ಳಿ. ಆದರೆ ಒಂದು ಎಚ್ಚರಿಕೆ. ನಿಜಕ್ಕೂ ಟ್ಯಾಕ್ಸಿಯಲ್ಲಿ ಮರೆತು ಬಂದದ್ದನ್ನು ಕಳವು ಎಂದು ಬರೆಸಬೇಡಿ. ಸುಳ್ಳು ದೂರು ಅಲ್ಲಿಯೂ ಅಪರಾಧ, ಇಲ್ಲಿ ಕ್ಲೇಮನ್ನೇ ಮುಳುಗಿಸುತ್ತದೆ.

ವಿಮೆಯ ವಿಚಾರಕ್ಕೆ ಬಂದಾಗ ಟ್ರಾವೆಲ್ ಏಜೆಂಟರ ಮೇಲೆ ನನಗೆ ಬರುವ ಸಿಟ್ಟನ್ನು ಅಡಗಿಸಿಡಲಾರೆ. ‘ಸರ್, ಇನ್ಶೂರೆನ್ಸ್ ಎಲ್ಲಾ ಹಾಕಿದ್ದೀವಿ’ ಅನ್ನುತ್ತಾರೆ. ಹಾಕಿರುವುದು ವೀಸಾಗೆ ಬೇಕಾದಷ್ಟನ್ನು ಮಾತ್ರ. ಷೆಂಗೆನ್ ವೀಸಾ ನಿಯಮ ಕೇಳುವುದು ಕನಿಷ್ಠ 30,000 ಯೂರೊ ರಕ್ಷಣೆ, ಅದೂ ತುರ್ತು ಚಿಕಿತ್ಸೆ, ಆಸ್ಪತ್ರೆ, ಅನಾರೋಗ್ಯದಿಂದ ಅಥವಾ ಸಾವಿನಿಂದ ಊರಿಗೆ ಮರಳಿಸುವ ಖರ್ಚಿಗೆ. ಬ್ಯಾಗಿನ ಮಾತೇ ಅದರಲ್ಲಿಲ್ಲ. ಬ್ಯಾಗೇಜ್ ರಕ್ಷಣೆ ಇದೆ ಎನ್ನುವ ಹಲವು ಪಾಲಿಸಿಗಳಲ್ಲೂ ಅದು ವಿಮಾನದ ಕೌಂಟರಿನಲ್ಲಿ ಒಪ್ಪಿಸಿದ ಲಗೇಜಿಗೆ ಮಾತ್ರ, ಕೈಯಲ್ಲಿರುವ ಬ್ಯಾಗಿಗೆ ಇಲ್ಲ. ಕಂಪನಿಯ ಎಚ್‌ಆರ್ ಕಳಿಸುವ ಒಂದು ಪುಟದ ಸರ್ಟಿಫಿಕೇಟ್ ನೋಡಿ ಸುಮ್ಮನಾಗಬೇಡಿ. ಪಾಲಿಸಿಯ ಪೂರ್ಣ ಷರತ್ತು ತರಿಸಿಕೊಂಡು ‘ಯಾವುದಕ್ಕೆ ಇಲ್ಲ’ ಎಂಬ ಭಾಗವನ್ನು ಮೊದಲು ಓದಿ. ವೀಸಾ ಅರ್ಜಿಗೆಂದು ಇದೇ ಏಜೆಂಟರು ಮಾಡಿಕೊಡುವ ನಕಲಿ ಹೋಟೆಲ್ ಬುಕಿಂಗ್‌ಗೂ ಒಪ್ಪಬೇಡಿ. ಸಿಕ್ಕಿಬಿದ್ದರೆ ವೀಸಾ ರದ್ದಾಗುವುದು ನಿಮ್ಮದು, ಅವರದಲ್ಲ.

ಪಾಸ್‌ಪೋರ್ಟ್ ಹೋಗಿದ್ದರೆ ಪೊಲೀಸ್ ವರದಿ ಹಿಡಿದು ಪ್ರಾಗ್‌ನಲ್ಲಿರುವ ಭಾರತದ ರಾಯಭಾರ ಕಚೇರಿಗೆ ಹೋಗಬೇಕು. ಬೇಗ ಸಿಗುವುದು ಎಮರ್ಜೆನ್ಸಿ ಸರ್ಟಿಫಿಕೇಟ್. ಅದು ಭಾರತಕ್ಕೆ ಒಂದು ದಾರಿಯ ಪ್ರಯಾಣಕ್ಕೆ ಮಾತ್ರ. ಮರುದಿನ ವಿಯೆನ್ನಾದಲ್ಲಿ ಇನ್ನೊಂದು ಮೀಟಿಂಗ್ ಇದ್ದರೆ ಅದನ್ನು ಬಿಡಬೇಕು, ನಿಮ್ಮ ವೀಸಾ ಕಳುವಾದ ಪಾಸ್‌ಪೋರ್ಟಿನಲ್ಲೇ ಹೋಗಿದೆ. ಬೆಂಗಳೂರಿಗೆ ನೇರ ವಿಮಾನ ಇಲ್ಲದ್ದರಿಂದ ನಡುವೆ ಇಳಿಯುವ ದೇಶ ಈ ಕಾಗದವನ್ನು ಒಪ್ಪುತ್ತದೆಯೇ ಎಂದು ವಿಮಾನ ಸಂಸ್ಥೆಯನ್ನು ಮೊದಲೇ ಕೇಳಿ. ಇದೆಲ್ಲದರ ನಡುವೆ ವೀಸಾದ ದಿನಗಳು ಮುಗಿಯುವಂತಿದ್ದರೆ, ಮುಗಿಯುವ ಮುಂಚೆಯೇ ವಿಸ್ತರಣೆಗೆ ಅರ್ಜಿ ಹಾಕಿ. ಕೈಮೀರಿದ ಕಾರಣವಿದ್ದಾಗ ಉಚಿತವಾಗಿ ವಿಸ್ತರಿಸಲು ಷೆಂಗೆನ್ ವೀಸಾ ಸಂಹಿತೆಯ 33ನೇ ವಿಧಿಯಲ್ಲಿ ಅವಕಾಶವಿದೆ. ‘ಒಂದೆರಡು ದಿನ ತಾನೇ’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ದೂರು ಕೊಟ್ಟ ಮೇಲೆ ಪಾಸ್‌ಪೋರ್ಟ್ ಹೋಟೆಲಿನ ಹೊರಗಿನ ಕಸದ ಬುಟ್ಟಿಯಲ್ಲಿ ಸಿಗುವುದೂ ಉಂಟು. ಖುಷಿಯಿಂದ ಅದನ್ನೇ ಹಿಡಿದು ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ಕಳುವಾದ ಪಾಸ್‌ಪೋರ್ಟುಗಳ ವಿವರ ಇಂಟರ್‌ಪೋಲ್ ದಾಖಲೆಗೆ ಸೇರುತ್ತದೆ, ಗಡಿಯಲ್ಲಿ ನಿಲ್ಲಿಸುತ್ತಾರೆ. ಸಿಕ್ಕಿದ್ದನ್ನು ರಾಯಭಾರ ಕಚೇರಿಗೆ ಒಪ್ಪಿಸಿ.

ಕಾರ್ಡುಗಳ ವಿಷಯ ಸರಳ. ಠಾಣೆಯ ದಾರಿಯಲ್ಲೇ ಬ್ಲಾಕ್ ಮಾಡಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. 2017ರಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮದಂತೆ, ತಪ್ಪು ನಿಮ್ಮದೂ ಬ್ಯಾಂಕಿನದೂ ಅಲ್ಲದಿದ್ದಾಗ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ಪಿನ್ ಬರೆದ ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಂಡವರಿಗೆ ಈ ರಕ್ಷಣೆ ಸಿಗುವುದು ಕಷ್ಟ.

ಪ್ರಾಗ್‌ಗೇ ವಿಶೇಷವಾದ ಎರಡು ಮೋಸಗಳಿವೆ. ಬೀದಿಯಲ್ಲಿ ಸಾದಾ ಬಟ್ಟೆಯವರು ‘ಪೊಲೀಸ್, ನಿಮ್ಮ ನೋಟು ನಕಲಿಯೇ ನೋಡಬೇಕು’ ಎಂದು ಪರ್ಸ್ ಕೇಳುತ್ತಾರೆ. ಕೊಡಬೇಡಿ. ಗುರುತಿನ ಚೀಟಿ ಕೇಳಿ, 158ಕ್ಕೆ ಕರೆ ಮಾಡಿ, ಠಾಣೆಗೇ ಬರುತ್ತೇನೆ ಎನ್ನಿ. ಆದರೆ ಅಸಲಿ ಪೊಲೀಸರು ಗುರುತು ಕೇಳಿದರೆ ಪಾಸ್‌ಪೋರ್ಟ್ ತೋರಿಸಲೇಬೇಕು. ಇನ್ನೊಂದು, ‘ಕಮಿಷನ್ ಇಲ್ಲ’ ಎಂಬ ಬೋರ್ಡಿನ ಹಣ ವಿನಿಮಯದ ಅಂಗಡಿ. ಕೆಟ್ಟ ದರಕ್ಕೆ ಸಿಕ್ಕಿಕೊಂಡರೆ ರಸೀದಿ ಹಿಡಿದು ಮೂರು ಗಂಟೆಯೊಳಗೆ ಮರಳಿ ಹೋಗಿ. 2019ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಜೆಕ್ ಕಾನೂನು 1,000 ಯೂರೊವರೆಗಿನ ವಿನಿಮಯವನ್ನು ಹಾಗೆ ರದ್ದುಪಡಿಸಲು ಬಿಡುತ್ತದೆ. ಬೀದಿಯಲ್ಲಿ ನಿಂತು ನೋಟು ಬದಲಿಸುವವನಿಗೆ ಈ ಕಾನೂನು ಲೆಕ್ಕಕ್ಕಿಲ್ಲ.

ಯಾವುದೋ ಕಾರಣಕ್ಕೆ ನಿಮ್ಮನ್ನೇ ತಡೆಹಿಡಿದರೆ, ರಾಯಭಾರ ಕಚೇರಿಗೆ ತಿಳಿಸಿ ಎಂದು ಹೇಳಿ. ಕಾನ್ಸಲರ್ ಸಂಬಂಧಗಳ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಆ ಹಕ್ಕು ಕೊಡುತ್ತದೆ. ಕುಲಭೂಷಣ್ ಜಾಧವ್ ಪ್ರಕರಣದಲ್ಲಿ 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಭಾರತದ ಪರ ಎತ್ತಿಹಿಡಿದದ್ದು ಇದೇ ವಿಧಿಯನ್ನು. ಅರ್ಥವಾಗದ ಭಾಷೆಯ ಹಾಳೆಗೆ, ದುಭಾಷಿ ಬರುವವರೆಗೆ ಸಹಿ ಹಾಕಬೇಡಿ.

ಊರಿಗೆ ಬಂದ ಮೇಲೆ ಕ್ಲೇಮ್ ತಡವಾಯಿತೆಂದು ಕಂಪನಿ ತಿರಸ್ಕರಿಸಿದರೆ ಅಲ್ಲಿಗೇ ಕೈಬಿಡಬೇಡಿ. ತಡ ಎಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮ್ ತಳ್ಳಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರ ಸೆಪ್ಟೆಂಬರ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ವಾಹನ ಕಳವಿನ ಗುರ್ಶಿಂದರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ, ಪೊಲೀಸರಿಗೆ ಕೂಡಲೇ ದೂರು ಕೊಟ್ಟಿದ್ದರೆ ಕಂಪನಿಗೆ ತಿಳಿಸಲು ತಡವಾದದ್ದು ಕ್ಲೇಮ್ ನಿರಾಕರಿಸಲು ಕಾರಣವಾಗದು ಎಂದಿತು. ಮೊದಲ ದಿನದ ಪೊಲೀಸ್ ಕಾಗದ ಕೆಲಸಕ್ಕೆ ಬರುವುದು ಇಲ್ಲೇ.

ಮೊದಲು ಕಂಪನಿಯ ದೂರು ವಿಭಾಗಕ್ಕೆ ಲಿಖಿತ ದೂರು ಕೊಡಿ. ಕಾಲ್ ಸೆಂಟರಿನ ಹುಡುಗ ಫೋನಿನಲ್ಲಿ ‘ಕ್ಲೋಸ್ ಆಗಿದೆ ಸರ್’ ಅಂದರೆ ಅದು ಉತ್ತರವಲ್ಲ, ಕಾರಣ ಬರೆದ ಪತ್ರ ಕೇಳಿ. ಮೂವತ್ತು ದಿನ ಕಳೆದರೂ ಉತ್ತರ ಬಾರದಿದ್ದರೆ ಅಥವಾ ತಿರಸ್ಕರಿಸಿದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ತಿರಸ್ಕರಿಸಿದ ಪತ್ರ ಬಂದ ಒಂದು ವರ್ಷದೊಳಗೆ ಹೋಗಬೇಕು. ಗ್ರಾಹಕ ಆಯೋಗಕ್ಕಾದರೆ ಎರಡು ವರ್ಷ. ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು, ಯಾವ ಮಧ್ಯವರ್ತಿಗೂ ಹಣ ಕೊಡಬೇಕಾಗಿಲ್ಲ.