ಮೂಗಿಗೆ ಒಪ್ಪುವ ಮಾಸ್ಕ್ ಹುಡುಕು

ಪುಟ್ಟಿ,

ನಿದ್ದೆಯಲ್ಲಿ ಉಸಿರು ಕಟ್ಟದಂತೆ ಮಾಸ್ಕಿನ ಮೂಲಕ ಗಾಳಿ ಊದುವ ಸಿಪ್ಯಾಪ್ ಯಂತ್ರವನ್ನು ಡಬ್ಬಿಗೆ ತುಂಬಿ ಅಟ್ಟಕ್ಕೆ ಸೇರಿಸಿದ್ದೀಯೆಂದು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಬೈಯಲು ಬರೆಯುತ್ತಿಲ್ಲ. ಶ್ವಾಸಕೋಶದ ವಾರ್ಡಿನಲ್ಲಿ ನರ್ಸ್ ಆಗಿದ್ದಾಗ ಹೀಗೆ ಯಂತ್ರ ಕಟ್ಟಿಟ್ಟವರನ್ನು ತುಂಬ ನೋಡಿದ್ದೇನೆ. ಈಗ ನಿನ್ನ ದೊಡ್ಡಪ್ಪನ ತಲೆದೆಸೆಯಲ್ಲೂ ಅದೇ ಯಂತ್ರವಿದೆ. ನಿನ್ನಂತೆ ಬೇಸತ್ತು ಕೈಬಿಟ್ಟವರು ಇನ್ನೂ ಎಷ್ಟೋ ಮಂದಿ ಇದ್ದಾರೆ. ಅವರೂ ಓದಲೆಂದು ನಿನ್ನ ಒಪ್ಪಿಗೆ ಪಡೆದೇ ಈ ಕಾಗದವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

"ಇದು ನನಗೆ ಆಗಿಬರಲ್ಲ" ಎಂದೆಯಂತೆ. ನಿನಗೆ ಆಗಿಬರದೆ ಹೋದದ್ದು ಅಂಗಡಿಯವರು ಯಂತ್ರದ ಜೊತೆ ಕೊಟ್ಟುಕಳಿಸಿದ ಆ ಒಂದು ಮಾಸ್ಕ್. ಅದಕ್ಕಾಗಿ ಚಿಕಿತ್ಸೆಯನ್ನೇ ಬಿಡಬೇಡ. ನಿನ್ನ ಸ್ಲೀಪ್ ಸ್ಟಡಿಯ ವರದಿ ನೋಡಿದೆ. ಗಂಟೆಗೆ 30ಕ್ಕಿಂತ ಹೆಚ್ಚು ಸಲ ಉಸಿರು ನಿಲ್ಲುವುದು ಅಥವಾ ಕುಗ್ಗುವುದು ಎಂದರೆ ಕಾಯಿಲೆ ತೀವ್ರ ಸ್ವರೂಪದ್ದು. ಪ್ರತಿ ಸಲವೂ ಕನಿಷ್ಠ 10 ಸೆಕೆಂಡು. ನಿದ್ದೆಯಲ್ಲಿ ಗಂಟಲಿನ ಮೆತ್ತನೆಯ ಗೋಡೆಗಳು ಕುಸಿದು ದಾರಿ ಮುಚ್ಚುತ್ತವೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಿಂದ ಎಬ್ಬಿಸುತ್ತದೆ. ಬೆಳಗಿನ ತಲೆನೋವು, ಮಧ್ಯಾಹ್ನ ಆಫೀಸಿನಲ್ಲಿ ತೂಕಡಿಕೆ ಎಲ್ಲ ಅದರಿಂದಲೇ. ನೀನು ಸ್ಕೂಟರಿನಲ್ಲಿ ಮಗುವನ್ನು ಶಾಲೆಗೆ ಬಿಡುತ್ತೀಯೆಂಬುದು ನೆನಪಾದಾಗಲೆಲ್ಲ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಈ ಯಂತ್ರ ಬರುವ ಮೊದಲು ತೀವ್ರ ಕಾಯಿಲೆಯವರಿಗೆ ಇದ್ದ ಖಾತ್ರಿಯ ಉಪಾಯವೆಂದರೆ ಕತ್ತಿನಲ್ಲಿ ರಂಧ್ರ ಮಾಡಿ ಉಸಿರಿಗೆ ದಾರಿ ಬಿಡುವುದು. 1980ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ವೈದ್ಯ ಕಾಲಿನ್ ಸಲ್ಲಿವನ್ ಮೂಗಿನ ಮೂಲಕ ಗಾಳಿಯನ್ನು ತುಸು ಒತ್ತಡದಲ್ಲಿ ಬಿಟ್ಟು, ಗಂಟಲು ಮುಚ್ಚಿಕೊಳ್ಳದಂತೆ ಮಾಡಿ ತೋರಿಸಿದರು. ಮರುವರ್ಷ ಐದು ರೋಗಿಗಳ ವಿವರ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಆ ಆರಂಭದ ದಿನಗಳಲ್ಲಿ ಒಬ್ಬೊಬ್ಬ ರೋಗಿಯ ಮೂಗಿನ ಅಚ್ಚು ತೆಗೆದು ಅವರವರಿಗೇ ಮಾಸ್ಕ್ ಮಾಡುತ್ತಿದ್ದರು, ರಾತ್ರಿ ಅದನ್ನು ಸಿಲಿಕೋನಿನಿಂದ ಮುಖಕ್ಕೆ ಅಂಟಿಸುತ್ತಿದ್ದರು. ಅಂಟಿನ ಕಾಟ ಈಗಿಲ್ಲ, ಒಳ್ಳೆಯದೇ ಆಯಿತು. ಆದರೆ ಮೂಗು ನೋಡಿ ಮಾಸ್ಕ್ ಕೊಡುವ ತಾಳ್ಮೆಯೂ ಅದರ ಜೊತೆಗೇ ಹೋಗಿಬಿಟ್ಟಿತು ಎಂಬುದು ನನ್ನ ಕೊರಗು. ಬಳೆಗಾರ ಕೂಡ ಕೈ ಹಿಡಿದು, ಮೆತ್ತಗೆ ಒತ್ತಿ ನೋಡಿಯೇ ಅಳತೆ ಹೇಳುತ್ತಾನೆ. ರಾತ್ರಿಯಿಡೀ ಮುಖದ ಮೇಲಿರುವ ವಸ್ತುವನ್ನು ಡಬ್ಬಿ ಸಮೇತ ಕೈಗಿಟ್ಟು ಕಳಿಸುವುದು ಸರಿಯಲ್ಲ.

ನಿನಗೆ ಕೊಟ್ಟದ್ದು ಮೂಗು ಬಾಯಿ ಎರಡನ್ನೂ ಮುಚ್ಚುವ ಫುಲ್ ಫೇಸ್ ಮಾಸ್ಕ್. ಮೂಗು ಸದಾ ಕಟ್ಟಿರುವವರಿಗೆ, ಬಾಯಲ್ಲೇ ಉಸಿರಾಡುವವರಿಗೆ ಅದು ಬೇಕಾಗಬಹುದು. ಆದರೆ ಅದು ಮುಖಕ್ಕೆ ತಾಗುವ ಜಾಗ ದೊಡ್ಡದು, ಗಾಳಿ ಸೋರುವುದೂ ಹೆಚ್ಚು. ಎಷ್ಟೋ ಜನರಿಗೆ ಅದರಲ್ಲಿ ಹೆಚ್ಚಿನ ಒತ್ತಡವೂ ಬೇಕಾಗುತ್ತದೆ. ನೀನು ಹಗಲಲ್ಲಿ ಮೂಗಿನಲ್ಲೇ ಸಲೀಸಾಗಿ ಉಸಿರಾಡುವವಳು. ಮೊದಲು ಮೂಗನ್ನಷ್ಟೇ ಮುಚ್ಚುವ ನೇಸಲ್ ಮಾಸ್ಕ್, ಆಮೇಲೆ ಹೊಳ್ಳೆಗಳ ಬಾಯಿಗೆ ಕೂರುವ ನೇಸಲ್ ಪಿಲ್ಲೋ, ಎರಡನ್ನೂ ಹಾಕಿ ನೋಡು. ಮೂಗಿನ ದಿಂಡು ಕೆಂಪಾಗಿ ಉರಿಯಿತು ಎಂದೆಯಲ್ಲ, ಪಿಲ್ಲೋ ಅಲ್ಲಿಗೆ ತಾಗುವುದೇ ಇಲ್ಲ. ಆದರೆ ನಿನ್ನ ಮೂಗುತಿಯ ತಿರುಪು ಹೊಳ್ಳೆಯ ಒಳಗೆ ಅದಕ್ಕೆ ಅಡ್ಡ ಬರಬಹುದು. ನೇಸಲ್ ಮಾಸ್ಕಿನಲ್ಲಿ ಚಿಕ್ಕ ಮೂಗುತಿ ಒಳಗೇ ಉಳಿಯುತ್ತದೆ. ದೊಡ್ಡದಾದರೆ ಅಂಚಿಗೆ ಸಿಕ್ಕಿ ಗಾಳಿ ಬಿಡುತ್ತದೆ, ಚರ್ಮವನ್ನೂ ಒತ್ತುತ್ತದೆ. ಕಂಪನಿಯ ಕೈಪಿಡಿಯಲ್ಲಿ ಮೂಗುತಿಯ ಮಾತು ಹುಡುಕಬೇಡ. ನಮ್ಮ ಹೆಣ್ಣುಮಕ್ಕಳು ಇದನ್ನು ತಾವೇ ಬಾಯಿಬಿಟ್ಟು ಕೇಳಬೇಕು.

ಪರೀಕ್ಷೆ ಮಾಡುವುದು ಹೇಗೆಂದು ಹೇಳುತ್ತೇನೆ, ಇದೇ ಮುಖ್ಯ. ಕುರ್ಚಿಯ ಮೇಲೆ ಕೂತು, ಯಂತ್ರ ಹಾಕದೆ, ಕನ್ನಡಿ ನೋಡಿಕೊಂಡು ಒಪ್ಪಿಬಿಡಬೇಡ. ಮಲಗಿದಾಗ ಕೆನ್ನೆ, ದವಡೆ ಜಾರಿ ಮುಖದ ಆಕಾರವೇ ಬದಲಾಗುತ್ತದೆ. ಅಂಗಡಿಯಲ್ಲಿ ಮಂಚವಿದ್ದರೆ ಮಲಗು, ಇಲ್ಲದಿದ್ದರೆ ಬೆಂಚಿನ ಮೇಲಾದರೂ ಸರಿ, ಸಂಕೋಚ ಬೇಡ. ಯಂತ್ರವನ್ನು ನಿನಗೆ ಬರೆದುಕೊಟ್ಟ ಒತ್ತಡಕ್ಕೆ ಇಟ್ಟು ಗಾಳಿ ಬಿಡಿಸು. ಮಾಸ್ಕನ್ನು ಮುಖದಿಂದ ಒಮ್ಮೆ ತುಸು ಎತ್ತಿ ಬಿಡು. ಸಿಲಿಕೋನಿನ ತೆಳು ಅಂಚು ಗಾಳಿ ತುಂಬಿ ಉಬ್ಬಿ, ತಾನೇ ಚರ್ಮಕ್ಕೆ ಕೂರುತ್ತದೆ. ಪಟ್ಟಿಗಳನ್ನು ಅದಾದ ಮೇಲೆ ಎರಡೂ ಕಡೆ ಸಮನಾಗಿ ಎಳೆಯಬೇಕು. ಪಟ್ಟಿಯಡಿ ಒಂದೆರಡು ಬೆರಳು ತೂರುವಷ್ಟು ಸಡಿಲವಿರಲಿ. ಸೋರಿತೆಂದು ಬಿಗಿದರೆ ಆ ಅಂಚು ಚಪ್ಪಟೆಯಾಗಿ, ಮಡಿಚಿಕೊಂಡು ಇನ್ನಷ್ಟು ಸೋರುತ್ತದೆ. ಮತ್ತೆ ಬಿಗಿಯುತ್ತೀಯ, ಬೆಳಿಗ್ಗೆ ಮೂಗಿನ ಮೇಲೆ ಹುಣ್ಣು. ಹುಣ್ಣಾಗುವಷ್ಟು ಬಿಗಿದರೆ ಮಾತ್ರ ನಿಲ್ಲುವ ಮಾಸ್ಕ್ ಅಳತೆ ತಪ್ಪಿದ ಮಾಸ್ಕ್. ಬಲಕ್ಕೆ, ಎಡಕ್ಕೆ ಹೊರಳಿಯೂ ನೋಡು. ಕಣ್ಣಿಗೆ ಗಾಳಿ ಬಡಿಯುತ್ತಿದ್ದರೆ ಆ ಮಾಸ್ಕ್ ಬೇಡ, ಅಥವಾ ಅದರ ಬೇರೆ ಅಳತೆ ಕೇಳು.

ಮಾಸ್ಕಿನ ಮುಂಭಾಗದ ಸಣ್ಣ ತೂತುಗಳಿಂದ ಬುಸ್ ಎಂದು ಗಾಳಿ ಹೊರಡುವುದು ಸೋರಿಕೆಯಲ್ಲ. ನೀನು ಬಿಟ್ಟ ಉಸಿರು ಹೋಗಬೇಕಾದ ದಾರಿ ಅದು. ಸದ್ದು ತಡೆಯಲು ಯಾರೋ ಟೇಪು ಅಂಟಿಸಿದ್ದನ್ನು ನೋಡಿ ನಡುಗಿಹೋಗಿದ್ದೇನೆ. ಅದನ್ನು ಎಂದೂ ಮುಚ್ಚಬಾರದು.

ಇನ್ನು ನಿನ್ನ ಉದ್ದ ಜಡೆಯ ಮಾತು. ತುರುಬು ಕಟ್ಟಿ ಮಲಗಿದರೆ ಹಿಂದಿನ ಪಟ್ಟಿ ಮೇಲಕ್ಕೆ ಸರಿಯುತ್ತದೆ. ಸಡಿಲ ಜಡೆ ಹೆಣೆದು ಭುಜದ ಮೇಲಿಂದ ಮುಂದಕ್ಕೆ ಹಾಕಿಕೋ. ರಾತ್ರಿ ಎಣ್ಣೆ ಹಚ್ಚುವ ಅಭ್ಯಾಸವನ್ನು ಬೆಳಗಿನ ಸ್ನಾನದ ಮುಂಚಿನ ಹೊತ್ತಿಗೆ ಬದಲಿಸಿಕೋ, ಮಲಗುವ ಮುನ್ನ ಮುಖಕ್ಕೆ ಕ್ರೀಮೂ ಬೇಡ. ಮುಖ ತೊಳೆದು ಒರೆಸಿ ಮಾಸ್ಕ್ ಹಾಕು. ಬೆಳಿಗ್ಗೆ ಅದರ ಮೆತ್ತೆಯನ್ನು ಸೌಮ್ಯ ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸು. ಮೆತ್ತೆ ಗಡುಸಾಗಿ ಬಣ್ಣ ಕೆಟ್ಟರೆ ಅದೊಂದನ್ನೇ ಬದಲಿಸಬಹುದು.

ಬಾಯಿ ಒಣಗಿ ಎಚ್ಚರವಾದರೆ ನಿದ್ದೆಯಲ್ಲಿ ಬಾಯಿ ತೆರೆದು ಗಾಳಿ ಹೋಗುತ್ತಿದೆಯೆಂದು ಅರ್ಥ. ತೇವ ಕೊಡುವ ಹ್ಯುಮಿಡಿಫೈಯರ್ ಹಾಕಿದರೆ ಕೆಲವರಿಗೆ ಅಷ್ಟರಲ್ಲೇ ಸರಿಹೋಗುತ್ತದೆ, ಅದಕ್ಕೆ ಡಿಸ್ಟಿಲ್ಡ್ ವಾಟರ್ ಬಳಸು. ಮೂಗು ಕಟ್ಟಿದ್ದರೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸು. ಒತ್ತಡವನ್ನು ನೀನಾಗಿ ಏರಿಸಿ ಇಳಿಸಬೇಡ, ಆ ಕೆಲಸ ವೈದ್ಯರದು. ಮೊದಮೊದಲು ಉಸಿರು ಕಟ್ಟಿದಂತಾಗುವುದು ಸಹಜ. ಹಗಲಲ್ಲಿ ಟಿವಿ ನೋಡುತ್ತ ಸ್ವಲ್ಪ ಹೊತ್ತು ಹಾಕಿಕೊಂಡಿರು, ಮಲಗುವಾಗ ರ‍್ಯಾಂಪ್ ಹಾಕಿಕೋ. ಆಗ ಗಾಳಿ ಕಡಿಮೆ ಒತ್ತಡದಿಂದ ಶುರುವಾಗಿ ಮೆಲ್ಲಗೆ ಏರುತ್ತದೆ. ಇನ್ನೊಂದು, ನಿನ್ನ ಮಾವನವರಿಗೆ ಪೇಸ್‌ಮೇಕರ್ ಇದೆಯಲ್ಲ. ಕೆಲವು ಮಾಸ್ಕುಗಳ ಪಟ್ಟಿಗೆ ಅಯಸ್ಕಾಂತದ ಕೊಂಡಿ ಇರುತ್ತದೆ, ಅಂಥದ್ದನ್ನು ಅವರ ಎದೆಯ ಹತ್ತಿರ ಒಯ್ಯಬಾರದು. ಸುಮ್ಮನೆ ಅಯಸ್ಕಾಂತ ಇಲ್ಲದ್ದನ್ನೇ ಆರಿಸಿಕೋ.

ಗಂಡನ ಮುಂದೆ ಹೀಗೆ ಮಲಗಲು ನಾಚಿಕೆ ಎಂದೆಯಂತೆ. ಹೆಣ್ಣಿಗೆ ಗೊರಕೆಯೇ ಅವಮಾನ ಎಂದು ಬೆಳೆಸಿದ ಮನೆಗಳಿಂದ ಬಂದವರು ನಾವು. ಎಷ್ಟೋ ಹೆಂಗಸರು ಸುಸ್ತು, ನಿದ್ರಾಹೀನತೆ ಎಂದು ಮಾತ್ರೆ ನುಂಗುತ್ತ ಈ ಪರೀಕ್ಷೆಯವರೆಗೆ ತಲುಪುವುದೇ ಇಲ್ಲ. ನೀನು ತಲುಪಿದ್ದೀಯ. ಮಾಸ್ಕ್ ನೋಡಲು ಅಂಗಡಿಗೆ ನಿನ್ನವರನ್ನೂ ಕರೆದುಕೊಂಡು ಹೋಗು, ಪಟ್ಟಿ ಎಲ್ಲಿ ಹಿಡಿಯುತ್ತದೆ, ಗಾಳಿ ಎಲ್ಲಿ ಸೋರುತ್ತದೆ ಎಂದು ಪಕ್ಕದಲ್ಲಿರುವವರಿಗೆ ಚೆನ್ನಾಗಿ ಕಾಣುತ್ತದೆ.

ಶನಿವಾರ ಅಂಗಡಿಗೆ ಹೋಗುವಾಗ ಮೂಗುತಿ, ಜಡೆ ಎರಡೂ ರಾತ್ರಿ ಮಲಗುವಾಗ ಹೇಗಿರುತ್ತವೋ ಹಾಗೇ ಇರಲಿ. ಯಂತ್ರವನ್ನೂ ನೀನು ತಲೆಗಿಟ್ಟುಕೊಳ್ಳುವ ದಿಂಬನ್ನೂ ಚೀಲದಲ್ಲಿ ಹಾಕಿಕೋ. ಹೊಂದದಿದ್ದರೆ ಎಷ್ಟು ದಿನದೊಳಗೆ ಬದಲಿಸಿಕೊಡುತ್ತೀರಿ ಎಂದು ದುಡ್ಡು ಕೊಡುವ ಮೊದಲೇ ಕೇಳಿ, ಬಿಲ್ಲಿನ ಮೇಲೆ ಬರೆಸಿಕೋ. ಬದಲಿಸುವುದಿಲ್ಲ ಎಂದರೆ ಬೇರೆ ಅಂಗಡಿಗೆ ಹೋಗು.

ಇಂತಿ,
ನಿನ್ನ ದೊಡ್ಡಮ್ಮ