ಬಿಸಿಲಿನ ಪಾಲು

ಕಾಗವಾಡ, ಉಗಾರ, ಶೇಡಬಾಳ, ಐನಾಪುರಗಳ ಮೇಲೆ ಬೀಳುವ ಬಿಸಿಲು ಮಾಳಿಗೆಯ ಮನೆಯನ್ನೂ ತಗಡಿನ ಮನೆಯನ್ನೂ ಸಮನಾಗಿಯೇ ಕಾಯಿಸುವುದು. ಆದರೆ ಆ ಬಿಸಿಲನ್ನು ವಿದ್ಯುತ್ತಾಗಿ ಮಾರ್ಪಡಿಸುವ ಸೌರಫಲಕವು ಮಾಳಿಗೆಯನ್ನು ಮಾತ್ರ ಹುಡುಕಿಕೊಂಡು ಹೋಗುವುದು. ಬೆಳಕು ಎಲ್ಲರದು, ಅದರ ಫಲ ಕೆಲವರದು ಎಂಬ ಈ ಸ್ಥಿತಿ ಹೇಗೆ ಒದಗಿತೆಂಬುದನ್ನು ಸದ್ಭಕ್ತರಾದ ಗೃಹಸ್ಥರು ವಿಚಾರಿಸತಕ್ಕದ್ದಾಗಿದೆ.

ಮನೆಯ ಮೇಲೆ ಸೌರಫಲಕ ಕೂಡಿಸುವವರಿಗೆ ಕೇಂದ್ರ ಸರಕಾರವು 2024ರಲ್ಲಿ ಹೊಸ ಯೋಜನೆಯೊಂದನ್ನು ಆರಂಭಿಸಿತು. ಒಂದು ಕೋಟಿ ಮನೆಗಳು ಅದರ ಗುರಿ. 3 ಕಿಲೋವ್ಯಾಟಿನ ಘಟಕಕ್ಕೆ 78,000 ರೂಪಾಯಿಗಳ ಸಹಾಯಧನವುಂಟು. ಅಷ್ಟು ದೊಡ್ಡ ಘಟಕವು ಒಳ್ಳೆಯ ಬಿಸಿಲಿನ ದಿನದಲ್ಲಿ ಸುಮಾರು 12 ಯೂನಿಟ್ ವಿದ್ಯುತ್ತನ್ನು ಕೊಡುವುದು. ಯೋಜನೆಯೇನೋ ಒಳ್ಳೆಯದೇ. ಆದರೆ ಅದಕ್ಕೆ ಸ್ವಂತ ಮಾಳಿಗೆ ಬೇಕು, ಮೊದಲು ಹಾಕಲು ಕೈಯಲ್ಲಿ ಹಣ ಬೇಕು. ಬಾಡಿಗೆಯವನಿಗೆ ಮಾಳಿಗೆ ತನ್ನದಲ್ಲ. ತಗಡಿನ ಮನೆಯವನ ತೊಲೆಗಳು ಭಾರ ತಾಳಲಾರವು. ನಾಲ್ವರು ಅಣ್ಣತಮ್ಮಂದಿರ ಪಾಲಾಗದ ವಾಡೆಯಲ್ಲಿ ಫಲಕ ಯಾರ ಹೆಸರಿಗೆಂಬುದೇ ವ್ಯಾಜ್ಯವಾಗುವುದು. ಕಬ್ಬು ಕಡಿಯಲು ಹಂಗಾಮಿಗೆ ಬರುವವರ ಗುಡಿಸಲಿನ ಮಾತಂತೂ ಎತ್ತುವಂತೆಯೇ ಇಲ್ಲ.

ಇಂಥವರಿಗಾಗಿಯೇ ಸಾಮೂಹಿಕ ಸೌರಘಟಕವೆಂಬ ಏರ್ಪಾಡು ಹುಟ್ಟಿಕೊಂಡಿದೆ. ಊರಿನ ಒಂದೆಡೆ ದೊಡ್ಡ ಘಟಕವೊಂದನ್ನು ನಿಲ್ಲಿಸಿ, ಅಲ್ಲಿ ಹುಟ್ಟಿದ ಯೂನಿಟುಗಳನ್ನು ಒಂದು ಮೀಟರಿನಲ್ಲಿ ಅಳೆದು, ಪಾಲುದಾರರ ಬಿಲ್ಲುಗಳಲ್ಲಿ ಅವರವರ ಪಾಲಿನಷ್ಟು ಕಳೆಯುವುದು. ತಂತಿ ಹಳೆಯದೇ, ಲೆಕ್ಕವಷ್ಟೇ ಹೊಸದು. ದೆಹಲಿಯಲ್ಲಿ 2019ರಲ್ಲಿಯೇ ಇಂಥ ಲೆಕ್ಕಕ್ಕೆ ನಿಯಮಗಳಾದವು. ಮಾಳಿಗೆಯಿಲ್ಲದವನೂ ಇದರಲ್ಲಿ ಪಾಲುದಾರನಾಗಬಲ್ಲನು.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಗೃಹಜ್ಯೋತಿ ಯೋಜನೆಯಿಂದ 2023ರಿಂದೀಚೆಗೆ ಕರ್ನಾಟಕದ ಮನೆಗಳಿಗೆ 200 ಯೂನಿಟಿನ ಮಿತಿಯೊಳಗೆ ವಿದ್ಯುತ್ತು ಉಚಿತವಾಗಿರುವಾಗ ಬಡವನಿಗೆ ಈ ಪಾಲೇಕೆ? ಆಕ್ಷೇಪಣೆಯಲ್ಲಿ ಹುರುಳಿದೆ. ಮನೆಯ ದೀಪದ ಮಟ್ಟಿಗೆ ಆತನಿಗೆ ಇಂದು ದೊರೆಯುವ ಲಾಭ ಅಲ್ಪವೇ. ಆದರೆ ಹೊಲದ ಮಾತು ಬೇರೆ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ರಾಜ್ಯದಲ್ಲಿ ಬಿಲ್ಲಿಲ್ಲ. ಇಲ್ಲಿ ಕೊರತೆ ಹಣದ್ದಲ್ಲ, ಹೊತ್ತಿನದು. ಪಾಳಿಯ ಮೇಲೆ ಬರುವ ವಿದ್ಯುತ್ತು ರಾತ್ರಿ ಬಂದರೆ ರೈತನು ಹಾವು-ಚೇಳಿನ ಭಯದಲ್ಲಿಯೇ ಕಬ್ಬಿಗೆ ನೀರು ಹಾಯಿಸಲು ಹೋಗಬೇಕಾಗುವುದು. ಸೂರ್ಯನ ವಿದ್ಯುತ್ತು ಹಗಲಿನದು. 2019ರ ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್ಟುಗಳ ಇಡೀ ಮಾರ್ಗಕ್ಕೆ ಒಂದು ಸೌರಘಟಕವನ್ನು ಜೋಡಿಸುವ ಅವಕಾಶವಿದೆ. ಸ್ವಂತ ಫಲಕ ಕೊಳ್ಳಲಾರದ ಎರಡೆಕರೆಯವನಿಗೂ ಇದರಿಂದ ಹಗಲು ನೀರು ದೊರೆಯಬಲ್ಲುದು.

ಆದರೂ ಘಟಕ ಊರಿನ ಹತ್ತಿರವಿದ್ದ ಮಾತ್ರಕ್ಕೆ ಅದು ಊರಿನದಾಗದು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಐದು ಹಳ್ಳಿಗಳ ಸುಮಾರು 13,000 ಎಕರೆಯ ಮೇಲೆ 2,050 ಮೆಗಾವ್ಯಾಟಿನ ಸೌರ ಉದ್ಯಾನವಿದೆ. ಅದು ಉದ್ಘಾಟನೆಯಾದದ್ದು 2018ರಲ್ಲಿ. ಮಳೆ ಕಾಣದ ಆ ಸೀಮೆಯ ರೈತರು ಭೂಮಿಯನ್ನು ಮಾರದೆ ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಿಂದ ಗುತ್ತಿಗೆ ಆರಂಭವಾಯಿತು. ಭೂಮಿಯುಳ್ಳವನಿಗೆ ಇದು ಆಸರೆಯಾಯಿತೆಂಬುದು ನಿಜ. ಅದೇ ಭೂಮಿಯಲ್ಲಿ ಕೂಲಿ ಮಾಡಿಕೊಂಡಿದ್ದವನಿಗೆ ಗುತ್ತಿಗೆಯೂ ಇಲ್ಲ, ಕಳೆ ಕೀಳುವ ಕೆಲಸವೂ ಇಲ್ಲವಾಯಿತು. ಆತನ ಹೆಸರು ಪಹಣಿಯಲ್ಲಿ ಇರಲಿಲ್ಲ. ಆದುದರಿಂದ ಕರಾರಿನಲ್ಲಿಯೂ ಬರಲಿಲ್ಲ.

ಗುಜರಾತಿನ ಖೇಡಾ ಜಿಲ್ಲೆಯ ಢುಂಡಿಯಲ್ಲಿ ನಡೆದುದು ಬೇರೆ ಬಗೆ. ಅಲ್ಲಿಯ ಆರು ಮಂದಿ ರೈತರು 2016ರ ಸುಮಾರಿಗೆ ಸೌರ ಪಂಪುಗಳನ್ನಿಟ್ಟುಕೊಂಡು ಸಹಕಾರಿ ಮಂಡಳಿ ಕಟ್ಟಿದರು. ನೀರೆತ್ತಿ ಉಳಿದ ವಿದ್ಯುತ್ತೆಲ್ಲ ಒಂದೇ ಮೀಟರಿನ ಮೂಲಕ ವಿದ್ಯುತ್ ಕಂಪನಿಗೆ ಹೋಗುವುದು; ಬಂದ ಹಣವನ್ನು ಮಂಡಳಿ ಅವರವರ ಯೂನಿಟಿನಂತೆ ಹಂಚುವುದು. ಉಳಿಕೆಗೆ ಬೆಲೆಯಿರುವಾಗ ನೀರನ್ನು ವ್ಯರ್ಥವಾಗಿ ಎತ್ತುವ ಚಾಪಲ್ಯವೂ ತಗ್ಗುವುದು. ಅಲ್ಲಿಯೂ ಪಾಲು ದೊರೆತದ್ದು ಹೊಲವಿದ್ದವರಿಗೇ ಎಂಬುದನ್ನು ಮರೆಯಲಾಗದು.

ಸಹಕಾರದ ಪಾಠಕ್ಕಾಗಿ ಕಾಗವಾಡದವರು ಗುಜರಾತಿನವರೆಗೆ ಹೋಗಬೇಕಾದುದೂ ಇಲ್ಲ. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದ್ದು 1905ರಲ್ಲಿ. ಇದೇ ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು; ದೇಶದಲ್ಲಿ ಪ್ರಯೋಗಾರ್ಥವಾಗಿ ಆಗ ತೆಗೆದ ಐದು ಸಂಘಗಳಲ್ಲಿ ಅದೊಂದು. ವಿದ್ಯುತ್ತನ್ನು ಸಗಟಾಗಿ ಕೊಂಡು ತನ್ನ ಊರುಗಳಿಗೆ ಹಂಚುವ ಕೆಲಸ ಅದರದು. ಕಾಗವಾಡಕ್ಕೆ ವಿದ್ಯುತ್ತು ಹೆಸ್ಕಾಂನಿಂದ ಬರುವುದಾದುದರಿಂದ ಹುಕ್ಕೇರಿಯ ಏರ್ಪಾಡನ್ನೇ ಇಲ್ಲಿಗೆ ತರಲಾಗದು. ಆದರೆ ತಂತಿ-ಮೀಟರುಗಳ ವ್ಯವಹಾರವನ್ನು ಸದಸ್ಯರು ಕೂಡಿ ನಡೆಸಬಹುದೆಂಬುದಕ್ಕೆ ಸಾಕ್ಷಿ ನೆರೆಯಲ್ಲಿಯೇ ಇದೆ.

ಸಂಘ ಕಟ್ಟುವವರು ಕರಾರನ್ನು ಬರೆಯುವ ಮೊದಲೇ ನೋಡಬೇಕಾದ ಸಂಗತಿಗಳಿವೆ. ಪಾಲಿನ ಬೆಲೆ ಕೂಲಿಯವನು ಕಂತಿನಲ್ಲಿ ಕಟ್ಟುವಷ್ಟು ಸಣ್ಣದಾಗಿರಬೇಕು. ಎಷ್ಟೇ ಪಾಲಿದ್ದರೂ ಒಬ್ಬನಿಗೆ ಒಂದೇ ಮತ. ಒಂದು ಮನೆ ತನ್ನ ಬಳಕೆಗೆ ಮೀರಿ ಪಾಲು ಕೊಳ್ಳಕೂಡದು. ಇಲ್ಲವಾದರೆ ಉಳ್ಳವರೇ ಎಲ್ಲವನ್ನೂ ಕೊಂಡುಬಿಡುವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಅಕ್ಕಿಯನ್ನಾಯುತ್ತಿದ್ದ ಆಯ್ದಕ್ಕಿ ಮಾರಯ್ಯನು ಒಂದು ದಿನ ಹೆಚ್ಚು ತಂದಾಗ ಲಕ್ಕಮ್ಮನು ಅದನ್ನು ಮರಳಿಸಿ ಬರುವಂತೆ ಹೇಳಿದ ಕಥೆ ಶರಣ ಸಮಾಜಕ್ಕೆ ಹೊಸದಲ್ಲ. ಅದು ದಾನ ಮಾಡಿದ ಕಥೆಯಲ್ಲವೆಂಬುದನ್ನು ಗಮನಿಸಬೇಕು. ಬೇಕಾದಷ್ಟರ ಆಚೆಗಿನದು ತಮ್ಮದೇ ಅಲ್ಲವೆಂಬುದು ಲಕ್ಕಮ್ಮನ ಲೆಕ್ಕ. ಕೊಡುವ ಹೆಮ್ಮೆಗೆ ಅಲ್ಲಿ ಎಡೆಯೇ ಇಲ್ಲ.

ಇನ್ನು ಕಾಯಕದ ಮಾತು. ಕಬ್ಬು ಕಡಿದ ಹೊಲದಲ್ಲಿ ರವದಿ ಸುಟ್ಟರೆ ಕರಿ ಬೂದಿ ಹಾರಿ ಫಲಕಗಳ ಮೇಲೆ ಕೂಡುವುದು. ತೊಳೆಯದಿದ್ದರೆ ಯೂನಿಟು ಇಳಿಯುವುದು. ಫಲಕಗಳು 25 ವರ್ಷ ಬಾಳಿದರೂ ಇನ್ವರ್ಟರನ್ನು ನಡುವೆ ಒಮ್ಮೆಯಾದರೂ ಬದಲಿಸಬೇಕಾಗುವುದರಿಂದ ಪ್ರತಿ ವರ್ಷ ಒಂದಿಷ್ಟು ಹಣವನ್ನು ತೆಗೆದಿಡಬೇಕು. ತೊಳೆಯುವ, ಕಾಯುವ ಕೆಲಸಗಳನ್ನು ಭೂಮಿಯಿಲ್ಲದವರಿಗೇ ಕೊಟ್ಟು, ಕೂಲಿಯ ಒಂದಂಶವನ್ನು ಅವರು ಬಯಸಿದರೆ ಪಾಲಿನ ಕಂತಿಗೆ ಜಮೆ ಮಾಡಬಹುದು. ಬಾಡಿಗೆಯವನು ಉಗಾರದಿಂದ ಶೇಡಬಾಳಕ್ಕೆ ಮನೆ ಬದಲಿಸಿದರೆ ಪಾಲು ಹಳೆಯ ಮನೆಯ ಮೀಟರಿನಲ್ಲಿ ಉಳಿಯದೆ ಆತನ ಹೊಸ ಮೀಟರಿಗೆ ಬರುವುದೆಂದು ಕರಾರಿನಲ್ಲಿಯೇ ಬರೆಯಿಸಬೇಕು. ಕಬ್ಬು ಕಡಿಯುವವರ ತಂಡವು ಬರುವ ಹಂಗಾಮಿಗೂ ಅದೇ ಊರಿಗೆ ಬರುವುದಾದರೆ ಅವರ ಬೀಡಿಗೊಂದು ಮೀಟರು, ಆ ಮೀಟರಿಗೊಂದು ಪಾಲು ಇಡಬಹುದೇ ಎಂಬುದನ್ನು ಸಂಘದ ಮೊದಲ ಸಭೆಯಲ್ಲಿಯೇ, ಅವರು ಊರಲ್ಲಿರುವಾಗಲೇ, ಕೇಳಿಕೊಳ್ಳುವುದು ಯೋಗ್ಯ.